ಹಳದಿ ಹಲ್ಲು ಕೊಳಕು ಹಲ್ಲಲ್ಲ

ಮದುವೆ ಗೊತ್ತಾದ ಮನೆಯಲ್ಲಿ ಈಗ ಸೀರೆ, ಒಡವೆಗಳ ಪಟ್ಟಿಗೆ ಹಲ್ಲಿನ ‘ವೆನೀರ್’ ಕೂಡ ಸೇರಿಕೊಂಡಿದೆ. ಚೆನ್ನಾಗಿ ಕಾಣಬೇಕೆಂಬ ಆಸೆ ತಪ್ಪಲ್ಲ ಬಿಡಿ. ಆದರೆ ಪಟಾನ್‌ಚೆರುವಿನ ನಮ್ಮ ಕನ್ನಡ ಮಕ್ಕಳಲ್ಲಿ ಕೆಲವರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಂಡು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಪಾವಗಡ, ಮುಂಡರಗಿ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ, ಇತ್ತ ನಲ್ಗೊಂಡದಲ್ಲಿ ಬಾಲ್ಯ ಕಳೆದ ಅನೇಕರ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆಗಳಿರುತ್ತವೆ. ಹೆಣ್ಣು ನೋಡಲು ಬಂದವರೊಬ್ಬರು ನನ್ನೆದುರೇ, “ಹುಡುಗಿ ಸರಿಯಾಗಿ ಹಲ್ಲುಜ್ಜಲ್ವೇನೋ” ಅಂದುಬಿಟ್ಟರು. ದಿನಕ್ಕೆರಡು ಸಲ ಉಜ್ಜುವ ಹುಡುಗಿ ಅವಳು! ಉಜ್ಜಿದರೆ ಹೋಗುವ ಕಲೆಯಲ್ಲ ಅದು. ಬಂಡೆಯಿಂದ ಕರಗಿ ಕೊಳವೆ ಬಾವಿಯ ನೀರಿಗೆ ಸೇರುವ ಫ್ಲೋರೈಡಿನ ಗುರುತು. ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಇರಬಹುದೆಂದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿನ ನೀರನ್ನು ಮೊದಲ ಎಂಟು ವರ್ಷ ಕುಡಿದರೆ, ದವಡೆಯೊಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಎನಾಮೆಲ್ಲೇ ಕೆಡುತ್ತದೆ. ನೆಲ್ಲೂರು ಜಿಲ್ಲೆಯಲ್ಲಿ ಈ ಫ್ಲೋರೈಡ್ ಬಾಧೆಯನ್ನು ವೈದ್ಯರು 1937ರಲ್ಲೇ ವರದಿ ಮಾಡಿದ್ದರು. ಪಟಿಕ, ಸುಣ್ಣ ಹಾಕಿ ಫ್ಲೋರೈಡ್ ತೆಗೆಯುವ ವಿಧಾನಕ್ಕೆ ‘ನಲ್ಗೊಂಡ ವಿಧಾನ’ ಎಂದೇ ಹೆಸರು. ಅಂದ ಹಾಗೆ, ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಊರಲ್ಲಿ ಪುಟ್ಟ ಮಕ್ಕಳಿರುವವರಿಗೆ ಇದನ್ನು ಹೇಳಿ.

ಇನ್ನು ವೆನೀರ್. ಹಲ್ಲಿನ ಮುಂಭಾಗಕ್ಕೆ ಅಂಟಿಸುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪಿಂಗಾಣಿ ಹಾಳೆ ಅದು. ಹಾಲಿವುಡ್‌ನಲ್ಲಿ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು ನಟರಿಗೆ ಶೂಟಿಂಗ್ ಹೊತ್ತಿಗೆ ಮಾತ್ರ ಇಂಥದ್ದನ್ನು ಅಂಟಿಸುತ್ತಿದ್ದರು, ಆಮೇಲೆ ತೆಗೆದಿಡುವುದು! ಗಟ್ಟಿಯಾಗಿ ಕೂರಿಸುವ ವಿಧಾನ ಬಂದದ್ದು 1980ರ ದಶಕದಲ್ಲಿ. ಆದರೆ ಅದಕ್ಕೆ ಸಾಮಾನ್ಯವಾಗಿ ಎನಾಮೆಲ್ ತುಸು ತೆಗೆಯಬೇಕು. ತೆಗೆದ ಎನಾಮೆಲ್ ಮತ್ತೆ ಬೆಳೆಯದು. ಹತ್ತು ಹದಿನೈದು ವರ್ಷಕ್ಕೆ ವೆನೀರ್ ಬದಲಿಸಬೇಕಾಗಬಹುದು. ಇಪ್ಪತ್ತೆರಡಕ್ಕೆ ಹಾಕಿಸಿಕೊಂಡವಳು ಬಾಳಿನಲ್ಲಿ ಎಷ್ಟು ಸಲ ಬದಲಿಸಬೇಕು, ಲೆಕ್ಕ ಹಾಕಿ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗಂತೂ ಬೇಗ ಬಿರುಕು ಬಿಟ್ಟೀತು.

ಕಲೆ ತೆಳುವಾಗಿದ್ದರೆ ಮೇಲ್ಪದರವನ್ನಷ್ಟೇ ನವಿರಾಗಿ ಉಜ್ಜಿ ತೆಗೆಯುವ ಮೈಕ್ರೋಅಬ್ರೇಷನ್, ಬ್ಲೀಚಿಂಗ್, ಹಲ್ಲಿನ ಬಣ್ಣದ ಕಾಂಪೋಸಿಟ್ ಲೇಪ ಇವೆ. ಖರ್ಚೂ ಕಡಿಮೆ. ಗುಳಿ ಬಿದ್ದು ಎನಾಮೆಲ್ ಉದುರುವ ಹಲ್ಲಿಗಾದರೆ ವೆನೀರ್ ನಿಜಕ್ಕೂ ಉಪಕಾರಿ. ಅಂಥವರು ಧೈರ್ಯವಾಗಿ ವಿಚಾರಿಸಲಿ. ಮುಹೂರ್ತಕ್ಕೆ ಹದಿನೈದು ದಿನವಿರುವಾಗ ಓಡಬೇಡಿ. ಎಷ್ಟು ಎನಾಮೆಲ್ ತೆಗೆಯುತ್ತಾರೆಂದು ಮೊದಲೇ ಕೇಳಿ. ಹಲ್ಲು ಮುಟ್ಟುವ ಮುಂಚೆ ತಾತ್ಕಾಲಿಕ ಮಾದರಿ ಕೂರಿಸಿ ತೋರಿಸಿ ಎನ್ನಿ, ಕನ್ನಡಿ ಹಿಡಿದು ನೋಡಿಕೊಂಡು ಮನೆಗೆ ಬಂದು ಯೋಚಿಸಿ.