ಪಿನ್ ಕೂತರೆ ಸಾಕೇ?

ಪ್ರಶ್ನೆ: ಅಮೆರಿಕದಿಂದ ತಂದ ಕೀಬೋರ್ಡ್ ವಾದ್ಯದ ಅಡಾಪ್ಟರ್ ಇಲ್ಲಿ ಸುಟ್ಟುಹೋಯಿತು. ಪಿನ್ ಕೂರುವ ಬೇರೆ ಯಾವುದಾದರೂ ಹಾಕಬಹುದೇ?
– ಓದುಗರು, ಚನ್ನಪಟ್ಟಣ

ಉತ್ತರ: ಬೇಡ. ಅಲ್ಲಿನ ಮನೆ ಕರೆಂಟು 120 ವೋಲ್ಟ್. ಮಾಗಡಿಯಿರಲಿ, ಕನಕಪುರವಿರಲಿ, ಬೆಸ್ಕಾಂ ಕೊಡುವುದು 230. ನಿಮ್ಮದು ಬಹುಶಃ 120ಕ್ಕಷ್ಟೇ ಮಾಡಿದ್ದು. ‘ಇನ್‌ಪುಟ್ 100–240’ ಎಂದಿದ್ದರೆ ಎರಡೂ ಕಡೆ ನಡೆಯುತ್ತಿತ್ತು. ಚಪ್ಪಟೆ ಪಿನ್ನಿಗೆ ಸಿಕ್ಕಿಸುವ ಕನ್ವರ್ಷನ್ ಪ್ಲಗ್ ವೋಲ್ಟೇಜ್ ಇಳಿಸುವುದಿಲ್ಲ, ಆಕಾರ ಹೊಂದಿಸುತ್ತದೆ ಅಷ್ಟೇ.

ಹಳೆಯದರ ಮೇಲಿನ ‘ಔಟ್‌ಪುಟ್’ ಸಾಲು ಓದಿ. ವೋಲ್ಟ್ ಅಷ್ಟೇ ಇರಬೇಕು: 9 ಎಂದರೆ 9, 12 ಅಲ್ಲ. ಆಂಪಿಯರ್ ಹೆಚ್ಚಿದ್ದರೆ ಚಿಂತೆಯಿಲ್ಲ, ವಾದ್ಯ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಕಡಿಮೆಯಿದ್ದರೆ ಅಡಾಪ್ಟರ್ ಕಾದು ಕೆಡುತ್ತದೆ. ಎಸಿಯೋ ಡಿಸಿಯೋ ನೋಡಿ. ಅಂಗಡಿಯವರೂ ಮರೆಯುವುದು ಪ್ಲಸ್ ಎಲ್ಲಿ, ಮೈನಸ್ ಎಲ್ಲಿ ಎಂದು ತೋರಿಸುವ ಪುಟ್ಟ ವೃತ್ತದ ಗುರುತನ್ನು. ಪಿನ್ನಿನ ಒಳಭಾಗ ಸಾಮಾನ್ಯವಾಗಿ ಪ್ಲಸ್. ಆದರೆ ಹಳೆಯ ಕ್ಯಾಸಿಯೊ ಕೀಬೋರ್ಡುಗಳಲ್ಲಿ ಅಲ್ಲಿರುವುದು ಮೈನಸ್. ತಿರುಗುಮುರುಗಾದರೆ ವಾದ್ಯವೇ ಹೋದೀತು.

ಕೊಳ್ಳುವಾಗ ಬಿಐಎಸ್ ಗುರುತು, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಎರಡೂ ಇವೆಯೇ ನೋಡಿ. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ತಯಾರಕರು ಯಾರೆಂದು ತಿಳಿಯುತ್ತದೆ.