ದಿನಕ್ಕೊಂದು ಚಿತ್ರ

ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ, ಗುಂಡ್ಲುಪೇಟೆಯ ಆಸುಪಾಸಿನ ಹೊಲಗಳು ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹಳದಿಯ ಹೊದಿಕೆ ಹೊದ್ದಂತೆ ಕಾಣುತ್ತವೆ. ಒಂದು ಕಡೆ ಸೂರ್ಯಕಾಂತಿ, ಇನ್ನೊಂದು ಕಡೆ ಚೆಂಡುಹೂವು. ದಾರಿಹೋಕರು ವಾಹನ ನಿಲ್ಲಿಸಿ, ಹೂವುಗಳ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಇದಕ್ಕಾಗಿ ಕೆಲವು ರೈತರು ಅವರಿಂದ ಅಷ್ಟಿಷ್ಟು ಹಣ ಪಡೆಯುವುದೂ ಉಂಟು. ಹೂವಿನ ಕಾಲ ಮುಗಿದ ಮೇಲೆ ಅದೇ ಹೊಲದ ಬಳಿ ಯಾರೂ ವಾಹನ ನಿಲ್ಲಿಸುವುದಿಲ್ಲ. ಉಳಿದ ಹತ್ತು ತಿಂಗಳು ಆ ಹೊಲದಲ್ಲಿ ಏನು ನಡೆಯುತ್ತದೆ ಎಂಬುದು ದಾರಿಹೋಕರ ಚಿತ್ರಗಳಲ್ಲಿ ದಾಖಲಾಗುವುದೇ ಇಲ್ಲ.

ಭೀಮನಬೀಡು ಇದೇ ತಾಲ್ಲೂಕಿನ ಒಂದು ಹಳ್ಳಿ. ಅಂಥ ಊರಿನಲ್ಲಿ ಬೆಳೆಯುವ ವಿದ್ಯಾರ್ಥಿಗೆ ದಾರಿಹೋಕನಿಗಿಲ್ಲದ ಅನುಕೂಲವೊಂದಿದೆ. ಉಳುಮೆ, ಬಿತ್ತನೆ, ಕಳೆ, ಕಟಾವು ಎಲ್ಲವೂ ಅವನ ಕಣ್ಣೆದುರಿಗೇ ನಡೆಯುತ್ತವೆ. ಆದರೆ ಪ್ರತಿದಿನವೂ ಕಾಣುವುದನ್ನು ಯಾರೂ ನೋಡುವುದಿಲ್ಲ ಎಂಬುದು ವಿಚಿತ್ರವಾದರೂ ನಿಜ. ಶಾಲೆಗೆ ಹೋಗುವ ದಾರಿಯಲ್ಲಿ ಎಷ್ಟು ಹುಣಿಸೆಮರಗಳಿವೆ ಎಂದು ಕೇಳಿದರೆ ಆ ದಾರಿಯಲ್ಲಿ ಒಂಬತ್ತು ವರ್ಷ ನಡೆದವನೂ ತಡವರಿಸುತ್ತಾನೆ. ಈ ಮರೆವಿಗೆ ಮದ್ದಾಗಿ ಕೆಲವರು ಒಂದು ಅಭ್ಯಾಸವನ್ನು ಇಟ್ಟುಕೊಂಡಿದ್ದಾರೆ. ದಿನಕ್ಕೆ ಒಂದೇ ಒಂದು ಛಾಯಾಚಿತ್ರ ತೆಗೆಯುವುದು; ಅದೂ ಹಬ್ಬವನ್ನೋ ಮೆರವಣಿಗೆಯನ್ನೋ ಅಲ್ಲ, ಅಂದು ಕಣ್ಣನ್ನು ಸೆಳೆದ ಯಾವುದಾದರೂ ಸಾಧಾರಣ ವಸ್ತುವನ್ನು.

ಛಾಯಾಚಿತ್ರ ಕಲೆ ಹುಟ್ಟಿದ್ದೇ ಇಂಥ ಸಾಧಾರಣ ವಸ್ತುಗಳ ನಡುವೆ. ಫ್ರಾನ್ಸ್ ದೇಶದ ನಿಯೆಪ್ಸ್ ಎಂಬಾತ 1826 ಅಥವಾ 1827ರಲ್ಲಿ ತೆಗೆದ ಚಿತ್ರವೊಂದು ಇಂದಿಗೂ ಉಳಿದಿದೆ. ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದಿರುವ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಅದರಲ್ಲಿ ಅರಮನೆಯಿಲ್ಲ, ಅರಸನಿಲ್ಲ. ಅವನ ಮನೆಯ ಕಿಟಕಿಯಿಂದ ಕಾಣುತ್ತಿದ್ದ ಮಾಡುಗಳೂ ಗೋಡೆಗಳೂ ಇವೆ. ಡಾಂಬರಿನ ಜಾತಿಯ ವಸ್ತುವನ್ನು ಸವರಿದ ಲೋಹದ ಹಾಳೆಯ ಮೇಲೆ ಬೆಳಕು ಅಚ್ಚೊತ್ತಲು ಗಂಟೆಗಟ್ಟಲೆ ಬೇಕಾಯಿತು. ಅಷ್ಟು ಹೊತ್ತಿಗೆ ಸೂರ್ಯ ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ಸರಿದಿದ್ದ. ಆದ್ದರಿಂದ ಆ ಚಿತ್ರದಲ್ಲಿ ಕಟ್ಟಡಗಳ ಎರಡು ಮಗ್ಗುಲಿಗೂ ಬಿಸಿಲು ಬಿದ್ದಂತೆ ತೋರುತ್ತದೆ.

ಇನ್ನೊಂದು ಚಿತ್ರದ ಕಥೆ ಇದಕ್ಕಿಂತ ಸ್ವಾರಸ್ಯವಾದುದು. 1838ರಲ್ಲಿ ಡಾಗೇರ್ ಎಂಬಾತ ಪ್ಯಾರಿಸ್ ನಗರದ ಒಂದು ದೊಡ್ಡ ಬೀದಿಯ ಚಿತ್ರವನ್ನು ಎತ್ತರದಿಂದ ತೆಗೆದ. ಬೀದಿಯಲ್ಲಿ ಗಾಡಿಗಳೂ ಜನರೂ ಓಡಾಡುತ್ತಿದ್ದರು. ಚಿತ್ರ ಮೂಡಲು ಕೆಲವು ನಿಮಿಷಗಳಾದರೂ ಬೇಕಾಗಿದ್ದುದರಿಂದ ಚಲಿಸುತ್ತಿದ್ದವರು ಯಾರೂ ಅದರಲ್ಲಿ ಉಳಿಯಲಿಲ್ಲ. ಬೀದಿ ಬರಿದಾಗಿ ಕಾಣಿಸಿತು. ಉಳಿದವನು ಮುಖ್ಯವಾಗಿ ಒಬ್ಬನೇ. ಆತ ಬೀದಿಯ ಮೂಲೆಯಲ್ಲಿ ನಿಂತು ತನ್ನ ಬೂಟುಗಳನ್ನು ಉಜ್ಜಿಸಿಕೊಳ್ಳುತ್ತಿದ್ದ. ಕಾಲನ್ನು ಅಲುಗಿಸದೆ ನಿಂತಿದ್ದ ಒಂದೇ ಕಾರಣಕ್ಕೆ ಆ ಅನಾಮಧೇಯ ವ್ಯಕ್ತಿ ಛಾಯಾಚಿತ್ರದ ಇತಿಹಾಸವನ್ನು ಸೇರಿದ. ಇಂಗ್ಲೆಂಡಿನ ಟಾಲ್ಬಟ್ ಮಾತ್ರ ಆಕಸ್ಮಿಕಕ್ಕೆ ಕಾಯಲಿಲ್ಲ. 1844ರಲ್ಲಿ ಆತ ಬೇಕೆಂದೇ ಆರಿಸಿಕೊಂಡ ವಸ್ತು ತೆರೆದ ಒಂದು ಬಾಗಿಲು, ಅದಕ್ಕೆ ಒರಗಿಸಿಟ್ಟ ಒಂದು ಪೊರಕೆ. ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಪೊರಕೆಯ ನೆರಳು ಬಾಗಿಲಿನ ಮೇಲೆ ಚೆಲುವಾಗಿ ಮೂಡಿದೆ. ಮನೆಮನೆಯಲ್ಲೂ ಇರುವ ಪೊರಕೆಗೆ ಹೀಗೆ ಒಂದು ಮರ್ಯಾದೆ ದೊರೆಯಿತು.

ನಮ್ಮ ಹಳ್ಳಿಗಳಿಗೆ ಛಾಯಾಚಿತ್ರ ಬಂದದ್ದು ಬೇರೆಯೇ ದಾರಿಯಲ್ಲಿ. ಕ್ಯಾಮೆರಾ ದುಬಾರಿಯ ವಸ್ತುವಾಗಿತ್ತು. ಮದುವೆ, ನಾಮಕರಣಗಳ ಸಮಯದಲ್ಲಿ ಪೇಟೆಯ ಸ್ಟುಡಿಯೋಗೆ ಹೋಗಿ, ಬಣ್ಣದ ಪರದೆಯ ಮುಂದೆ, ಕುರ್ಚಿಯ ಮೇಲೆ ಬಿಗಿಯಾಗಿ ಕುಳಿತು ಚಿತ್ರ ತೆಗೆಸಿಕೊಳ್ಳುವುದೇ ವಾಡಿಕೆಯಾಯಿತು. ಹಳೆಯ ಮನೆಗಳ ಗೋಡೆಗಳಲ್ಲಿ ಅಂಥ ಚಿತ್ರಗಳು ಇಂದಿಗೂ ತೂಗುತ್ತವೆ. ಅಜ್ಜಿಯ ಮುಖ ಅಲ್ಲಿದೆ. ಆಕೆ ಪ್ರತಿದಿನ ಹೊಗೆಯುಂಡ ಒಲೆ ಎಲ್ಲೂ ಇಲ್ಲ. ಅಜ್ಜ ಕೋಟು ತೊಟ್ಟು ಕುಳಿತಿದ್ದಾನೆ. ಅವನು ಉತ್ತ ನೇಗಿಲು, ಮೊಗೆದ ಬಾವಿ, ರಾಗಿ ಒಕ್ಕಿದ ಕಣ ಯಾವುದರ ಚಿತ್ರವೂ ದೊರೆಯುವುದಿಲ್ಲ. ಎಲ್ಲರ ಬಳಿಯೂ ಇದ್ದುದರಿಂದಲೇ ಅವುಗಳ ಚಿತ್ರ ಯಾರಿಗೂ ಬೇಕಾಗಲಿಲ್ಲ. ಕಣಗಳು ಮನೆಯ ನಿವೇಶನಗಳಾಗಿ, ಬೀಸುವ ಕಲ್ಲು ಹಿತ್ತಲಿನ ಮೆಟ್ಟಿಲಾಗಿ ಹೋದ ಮೇಲೆ ಆ ಕೊರತೆ ತಿಳಿಯುತ್ತದೆ. ತಿಳಿಯುವ ಹೊತ್ತಿಗೆ ತುಂಬಿಕೊಳ್ಳಲು ದಾರಿಯಿರುವುದಿಲ್ಲ.

ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗಿದವರಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ ಅವರ ಹೆಸರು ಮೊದಲು ನೆನಪಿಗೆ ಬರುತ್ತದೆ. 1923ರಲ್ಲಿ ಹುಟ್ಟಿದ ಅವರು ಮಹಾರಾಜ ಕಾಲೇಜಿನಲ್ಲಿ ಓದಿದರು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯಲ್ಲಿ ಛಾಯಾಗ್ರಾಹಕರಾಗಿ ದುಡಿದರು. ಅನಂತರ ‘ಇಲಸ್ಟ್ರೇಟೆಡ್ ವೀಕ್ಲಿ’ಯಲ್ಲಿದ್ದು, ಕೊನೆಗೆ ಯಾರ ನೌಕರಿಯೂ ಬೇಡವೆಂದು ಸ್ವತಂತ್ರವಾಗಿ ಕೆಲಸ ಮಾಡಿದರು. ಪತ್ರಿಕೆಯ ಛಾಯಾಗ್ರಾಹಕನಿಗೆ ಮಂತ್ರಿಗಳು, ಸಭೆಗಳು, ಉದ್ಘಾಟನೆಗಳು ತಪ್ಪಿದ್ದಲ್ಲ. ಅವನ್ನು ಅವರೂ ತೆಗೆದರು. ಆದರೆ ಅವರ ಹೆಸರು ಉಳಿದಿರುವುದು ಅವುಗಳಿಂದಲ್ಲ. ಆಟವಾಡುವ ಮಕ್ಕಳು, ಹಳ್ಳಿಯ ಶಾಲೆ, ಕೂಸನ್ನೆತ್ತಿಕೊಂಡ ತಾಯಿ, ದುಡಿಯುವ ಕೈಗಳು – ಇವೇ ಅವರ ಕಪ್ಪು-ಬಿಳುಪು ಚಿತ್ರಗಳ ನಿಜವಾದ ಸಂಪತ್ತು.

1970ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸತ್ಯನ್ ಸಿಡುಬು ನಿರ್ಮೂಲನದ ಕೆಲಸವನ್ನು ಚಿತ್ರಿಸಿದರು. ಭಾರತದಲ್ಲಿ ಆ ರೋಗ ಕೊನೆಯ ಬಾರಿ ಕಾಣಿಸಿಕೊಂಡದ್ದು 1975ರಲ್ಲಿ. ಅದು ಹೇಗಿತ್ತು, ಅದನ್ನು ಓಡಿಸಲು ಯಾರು ಯಾವ ಹಳ್ಳಿಗೆ ಹೇಗೆ ನಡೆದುಹೋದರು ಎಂಬುದನ್ನು ಇಂದಿನವರು ಕಣ್ಣಾರೆ ತಿಳಿಯಬೇಕಾದರೆ ಇಂಥ ಚಿತ್ರಗಳೇ ಆಧಾರ. 1979ನ್ನು ಅಂತರರಾಷ್ಟ್ರೀಯ ಮಕ್ಕಳ ವರ್ಷವೆಂದು ಆಚರಿಸಿದಾಗ ಸತ್ಯನ್ನರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅದಕ್ಕೆ ಎರಡು ವರ್ಷ ಮೊದಲು, 1977ರಲ್ಲಿ, ಅವರಿಗೆ ಪದ್ಮಶ್ರೀ ದೊರೆತಿತ್ತು. 2009ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಈ ಹಿರಿಯರು ದೂರದ ಅದ್ಭುತಗಳನ್ನೇ ಹುಡುಕಿಕೊಂಡು ಅಲೆದವರಲ್ಲ. ಎಲ್ಲರೂ ಹಾದುಹೋಗುವ ಬೀದಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತವರು.

ಸತ್ಯನ್ನರಿಗೆ ಅದು ವೃತ್ತಿ. ವೃತ್ತಿಯಲ್ಲದೆಯೂ ಈ ಕೆಲಸವನ್ನು ನಿಷ್ಠೆಯಿಂದ ಮಾಡಿದವರಿದ್ದಾರೆ. ಅಮೆರಿಕದ ಜೇಮಿ ಲಿವಿಂಗ್‌ಸ್ಟನ್ ಎಂಬ ತರುಣ 1979ರ ಮಾರ್ಚ್ 31ರಂದು ಆರಂಭಿಸಿ ದಿನಕ್ಕೊಂದು ಚಿತ್ರದಂತೆ ತೆಗೆಯುತ್ತ ಹೋದ. ತೆಗೆದ ಕೂಡಲೇ ಚಿತ್ರವನ್ನು ಹೊರಗೆ ನೀಡುವ ಪೊಲರಾಯ್ಡ್ ಕ್ಯಾಮೆರಾ ಅವನದು. ಗೆಳೆಯರು, ಊಟದ ತಟ್ಟೆ, ಬೀದಿ, ಆಕಾಶ, ಯಾವುದಾದರೂ ಸರಿಯೆ. ಅನೇಕ ಚಿತ್ರಗಳಲ್ಲಿ ವಿಶೇಷವೇನೂ ಇಲ್ಲ ಎಂಬುದನ್ನು ಒಪ್ಪಬೇಕು. ಅವನು ಕಾಯಿಲೆ ಬಿದ್ದಾಗ ಆಸ್ಪತ್ರೆಯೂ ಚಿತ್ರಗಳಲ್ಲಿ ಬಂದಿತು. 1997ರ ಅಕ್ಟೋಬರ್ 25ರಂದು, ತನ್ನ ನಲವತ್ತೊಂದನೆಯ ಹುಟ್ಟುಹಬ್ಬದ ದಿನವೇ, ಅವನು ತೀರಿಕೊಂಡ. ಅಂದಿನವರೆಗೂ ಆ ಸಾಲು ನಡೆದಿತ್ತು. ಆರು ಸಾವಿರಕ್ಕೂ ಮೀರಿದ ಆ ಚಿತ್ರಗಳನ್ನು ಗೆಳೆಯರು ಒಟ್ಟುಗೂಡಿಸಿ 2007ರಲ್ಲಿ ಅವನು ಓದಿದ ಕಾಲೇಜಿನಲ್ಲಿ ಪ್ರದರ್ಶಿಸಿದರು. ಬಿಡಿಯಾಗಿ ನೋಡಿದರೆ ಸಪ್ಪೆಯೆನಿಸುವ ಚಿತ್ರವೂ ಆ ಸಾಲಿನಲ್ಲಿ ನಿಂತಾಗ ಒಬ್ಬ ಮನುಷ್ಯನ ಬದುಕಿನ ಒಂದು ದಿನವಾಗುತ್ತದೆ.

ಸಾಲಾಗಿ ತೆಗೆದ ಚಿತ್ರಗಳಿಗೆ ಇನ್ನೊಂದು ಗುಣವೂ ಇದೆ: ಕಣ್ಣು ತಪ್ಪು ತಿಳಿದುಕೊಂಡಿರುವುದನ್ನು ಅವು ತಿದ್ದುತ್ತವೆ. ಸೂರ್ಯಕಾಂತಿ ಹೂವು ಸೂರ್ಯನನ್ನು ಹಿಂಬಾಲಿಸಿ ದಿನವಿಡೀ ತಿರುಗುತ್ತದೆ ಎಂದು ಬಹು ಜನ ನಂಬಿದ್ದಾರೆ. ಹೊಲದ ಬದುವಿನ ಒಂದೇ ಕಲ್ಲಿನ ಬಳಿ ನಿಂತು, ಒಂದೇ ಗಿಡವನ್ನು ಒಂದು ದಿನ ಬೆಳಿಗ್ಗೆ, ಮರುದಿನ ಸಂಜೆ, ಹೀಗೆ ಬದಲಿಸಿ ತೆಗೆಯುತ್ತ ಹೋದರೆ ನಿಜಾಂಶ ಹೊರಬೀಳುತ್ತದೆ. ಎಳೆಯ ಗಿಡದ ತುದಿ ಬೆಳಿಗ್ಗೆ ಪೂರ್ವಕ್ಕೂ ಸಂಜೆ ಪಶ್ಚಿಮಕ್ಕೂ ಬಾಗುತ್ತದೆ, ರಾತ್ರಿ ಮತ್ತೆ ಪೂರ್ವಕ್ಕೆ ಹೊರಳುತ್ತದೆ. ಹೂವು ಅರಳಿ ಬಲಿತ ಮೇಲೆ ಈ ಆಟ ನಿಲ್ಲುತ್ತದೆ. ಹೂವು ಪೂರ್ವಕ್ಕೆ ಮುಖ ಮಾಡಿಯೇ ನಿಲ್ಲುತ್ತದೆ. ಪೂರ್ವಕ್ಕೆ ತಿರುಗಿದ ಹೂವು ಬೆಳಿಗ್ಗೆ ಬೇಗ ಬಿಸಿಯಾಗುವುದರಿಂದ ಜೇನುನೊಣಗಳು ಅದಕ್ಕೆ ಹೆಚ್ಚಾಗಿ ಬರುತ್ತವೆ ಎಂದು 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಹೂವಿನ ಮುಂದೆ ನಿಂತು ಒಂದೇ ಚಿತ್ರ ತೆಗೆಸಿಕೊಂಡು ಊಟಿಗೆ ಹೊರಟವರಿಗೆ ಇದು ತಿಳಿಯುವುದು ಹೇಗೆ?

ಹೊಲವಿಲ್ಲದವರು ಶಾಲೆಯ ಧ್ವಜಸ್ತಂಭದ ನೆರಳನ್ನು ತೆಗೆಯಬಹುದು. ಗುಂಡ್ಲುಪೇಟೆಯ ಸೀಮೆ ಸಮಭಾಜಕ ವೃತ್ತದಿಂದ ಸುಮಾರು 12 ಡಿಗ್ರಿ ಉತ್ತರಕ್ಕಿದೆ. ವರ್ಷದ ಬಹುಭಾಗ ಅಲ್ಲಿ ನಡುಹಗಲಿನ ನೆರಳು ಉತ್ತರಕ್ಕೆ ಬೀಳುತ್ತದೆ. ಏಪ್ರಿಲ್ ತಿಂಗಳ ಮೂರನೆಯ ವಾರದ ವೇಳೆಗೆ ಸೂರ್ಯ ನೆತ್ತಿಯ ಮೇಲೆ ಬಂದು ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಆಮೇಲೆ ಆಗಸ್ಟ್ ಮೂರನೆಯ ವಾರದವರೆಗೂ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮುಂಗಾರಿನ ಮೋಡಗಳು ನಡುವೆ ಅಡ್ಡಿಪಡಿಸುತ್ತವೆ, ನಿಜ. ಆದರೂ ಬಿಸಿಲು ಸಿಕ್ಕ ದಿನಗಳ ಚಿತ್ರಗಳೇ ಭೂಗೋಳದ ಪಾಠವನ್ನು ಅಂಗಳಕ್ಕೆ ತಂದಿಡಲು ಸಾಕು.

ಉಪಕರಣದ ವಿಚಾರ ಹೆಚ್ಚು ಹೇಳಬೇಕಾದುದಿಲ್ಲ. ಹಿಂದೆ ಒಂದು ಸುರುಳಿ ಫಿಲಂನಲ್ಲಿ ಸಾಮಾನ್ಯವಾಗಿ 12ರಿಂದ 36 ಚಿತ್ರಗಳು ಮಾತ್ರ ಬರುತ್ತಿದ್ದುದರಿಂದ ಗುಂಡಿ ಒತ್ತುವ ಮೊದಲು ಎರಡು ಬಾರಿ ಯೋಚಿಸಬೇಕಾಗಿತ್ತು. ಈಗ ಮನೆಯಲ್ಲಿ ಒಬ್ಬರ ಬಳಿಯಾದರೂ ಮೊಬೈಲು ಫೋನು ಇರುತ್ತದೆ. ನೂರು ಚಿತ್ರ ತೆಗೆದರೂ ಖರ್ಚಿಲ್ಲ. ದಿನಕ್ಕೆ ಒಂದೇ ಎಂಬ ಕಟ್ಟುಪಾಡು ಈ ಧಾರಾಳಕ್ಕೆ ಹಾಕಿದ ಮೂಗುದಾರ. ಬೆಳಿಗ್ಗೆ ಮತ್ತು ಸಂಜೆಯ ಓರೆ ಬಿಸಿಲು ಗೋಡೆಯ ಒರಟನ್ನೂ ಮರದ ತೊಗಟೆಯ ಬಿರುಕುಗಳನ್ನೂ ಎತ್ತಿ ತೋರಿಸುತ್ತದೆ, ನಡುಹಗಲಿನ ಬಿಸಿಲು ಅವನ್ನು ಚಪ್ಪಟೆ ಮಾಡುತ್ತದೆ ಎಂಬುದಿಷ್ಟು ತಿಳಿದರೆ ಮೊದಲಿಗೆ ಸಾಕು.

ತೆಗೆಯುವುದು ಏನನ್ನು? ಆ ಸೀಮೆಯಲ್ಲಿ ವಸ್ತುಗಳಿಗೆ ಬರವಿಲ್ಲ. ಬೇಸಿಗೆಯ ಮೊದಲಲ್ಲಿ ಕೊಪ್ಪರಿಗೆಯಲ್ಲಿ ಬೇಯುವ ಅರಿಶಿನ, ಅದರ ಹಬೆಯ ಹಿಂದೆ ಮಸುಕಾದ ಮುಖಗಳು. ತೆರಕಣಾಂಬಿ ಸಂತೆಗೆ ಹೊರಟ ಎತ್ತುಗಳು. ಡಾಂಬರು ರಸ್ತೆಯ ಮೇಲೆ ಹರಡಿದ ಹುರುಳಿ. ರಸ್ತೆಯಲ್ಲಿ ಒಕ್ಕಣೆ ಮಾಡುವುದು ಸವಾರರಿಗೆ ಅಪಾಯಕರ, ಬೇಡವೆಂದು ಅಧಿಕಾರಿಗಳು ಹೇಳುತ್ತಲೇ ಇರುತ್ತಾರೆ. ಕಣ ಇಲ್ಲದವನು ಇನ್ನೆಲ್ಲಿ ಒಕ್ಕಬೇಕು ಎಂಬುದು ರೈತನ ಪ್ರಶ್ನೆ. ಆ ಒಂದು ಚಿತ್ರ ಎರಡು ಮಾತುಗಳನ್ನೂ ಒಟ್ಟಿಗೆ ಹೇಳಬಲ್ಲದು.

ಎಲ್ಲವನ್ನೂ ತೆಗೆಯಬಹುದೆಂದು ಇದರ ಅರ್ಥವಲ್ಲ. ಕೆರೆಯಲ್ಲಿ ಸ್ನಾನ ಮಾಡುವವರು, ಸಾವಿನ ಮನೆಯವರು, ಕುಡಿದು ಬಿದ್ದವನು – ಇವರು ಕಣ್ಣಿಗೆ ಬಿದ್ದರೂ ಕ್ಯಾಮೆರಾ ಕೆಳಗಿಳಿಯಬೇಕು. ಉಳಿದವರನ್ನು ಒಂದು ಮಾತು ಕೇಳಿ ತೆಗೆಯುವುದು ಮರ್ಯಾದೆ. ‘ಅಜ್ಜಿ, ನೀವು ರಾಗಿ ಕೇರುವಾಗ ಒಂದು ಫೋಟೋ ತಗೊಳ್ಳಲಾ?’ ಎಂದರೆ ಬೇಡವೆನ್ನುವವರು ಕಡಿಮೆ. ಬೇಡವೆಂದರೆ ಅಲ್ಲಿಗೆ ಮುಗಿಯಿತು. ಬಂಡೀಪುರದ ಕಾಡಿನೊಳಗಿನ ಹೆದ್ದಾರಿಯಲ್ಲಿ ವಾಹನ ನಿಲ್ಲಿಸಿ ಆನೆಯ ಚಿತ್ರ ತೆಗೆಯುವುದಂತೂ ನಿಷಿದ್ಧ; ಆನೆಗೂ ತೊಂದರೆ, ತೆಗೆಯುವವನ ಪ್ರಾಣಕ್ಕೂ ಸಂಚಕಾರ.

ತೆಗೆದ ಚಿತ್ರದೊಂದಿಗೆ ನಾಲ್ಕು ಅಕ್ಷರ ಬರೆದಿಡದಿದ್ದರೆ ಅರ್ಧ ಶ್ರಮ ವ್ಯರ್ಥ. ತಾರೀಖು, ಸ್ಥಳ, ಹೊತ್ತು, ವಸ್ತುವಿನ ಹೆಸರು ಇಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆಯಬೇಕು. ಫೋನು ಕೆಟ್ಟರೆ ಅದರೊಳಗಿನ ಚಿತ್ರಗಳೂ ಹೋಗುವುದುಂಟು. ತಿಂಗಳಿಗೆ ನಾಲ್ಕು ಒಳ್ಳೆಯ ಚಿತ್ರಗಳನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ವಿವರ ಬರೆದಿಟ್ಟರೆ ಹೆಚ್ಚು ಭದ್ರ. ಹೆಸರಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕ್ಯಾಮೆರಾ ನೇಗಿಲಿನ ಆಕಾರವನ್ನು ಹಿಡಿಯುತ್ತದೆ. ನೊಗ, ಈಸು, ಮೇಣಿ, ಗುಳ, ಮಿಣಿ ಎಂದು ಅದರ ಅಂಗಾಂಗಗಳ ಹೆಸರು ಅದಕ್ಕೆ ತಿಳಿಯದು. ಆ ಹೆಸರುಗಳು ಉತ್ತವರ ನಾಲಗೆಯ ಮೇಲಿವೆ. ಚಿತ್ರ ತೆಗೆದ ದಿನವೇ ಜಗುಲಿಯ ಮೇಲೆ ಕುಳಿತಿರುವ ತಾತನಿಗೆ ಅದನ್ನು ತೋರಿಸಿ, ಒಂದೊಂದನ್ನೇ ಕೇಳಿ, ಅವರು ಹೇಳಿದಂತೆಯೇ ಬರೆದುಕೊಳ್ಳಬೇಕು.