ಉದರಕ್ಷಯದ ನಿದಾನ: ಹೆಸರು ಮತ್ತು ಸಾಕ್ಷ್ಯ

ಕನ್ನಡದ ಆಡುಮಾತಿನಲ್ಲಿ ‘ಹೊಟ್ಟೆ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಉಂಡ ಅನ್ನ ಸೇರುವ ಜಠರವೂ ಹೊಟ್ಟೆಯೇ. ಕರುಳು, ಯಕೃತ್ತು ಮೊದಲಾದವನ್ನು ಒಳಗೊಂಡ ಉದರವೂ ಹೊಟ್ಟೆಯೇ. ನಿತ್ಯವ್ಯವಹಾರಕ್ಕೆ ಇದರಿಂದ ಬಾಧಕವಿಲ್ಲ. ಆದರೆ ‘ಹೊಟ್ಟೆಯ ಕ್ಷಯ’ ಎನ್ನುವಾಗ ಈ ಭೇದ ಅವಶ್ಯಕವಾಗುತ್ತದೆ. ಆಮ್ಲದ ನೆಲೆಯಾದ ಜಠರದಲ್ಲಿ ಕ್ಷಯ ತಳವೂರುವುದು ಅಪರೂಪ. ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಸಣ್ಣಕರುಳು ದೊಡ್ಡಕರುಳನ್ನು ಕೂಡುವೆಡೆಯಲ್ಲಿ, ಉದರದ ಒಳಪೊರೆಯಲ್ಲಿ ಮತ್ತು ದುಗ್ಧಗ್ರಂಥಿಗಳಲ್ಲಿ.

ಕ್ಷಯದ ರೋಗಾಣುವನ್ನು 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಪ್ರಕಟಪಡಿಸಿದ ರಾಬರ್ಟ್ ಕಾಕ್, 1883ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಬಂದು ಕಾಲರಾದಿಂದ ಮೃತರಾದವರ ಕರುಳುಗಳನ್ನು ಪರೀಕ್ಷಿಸಿದರು. ರೋಗದ ಹೆಸರಿಗೆ ರೋಗಾಣುವೇ ಸಾಕ್ಷಿಯಾಗಬೇಕೆಂಬ ವಿಚಾರ ಆ ನಗರದಲ್ಲಿ ಹೀಗೆ ಪ್ರಯೋಗಕ್ಕೆ ಬಂದಿತು. ಕಾಲರಾ ರೋಗಿಯ ಕರುಳಿನಲ್ಲಿ ಆ ಸಾಕ್ಷಿ ಹೇರಳ. ಉದರಕ್ಷಯದಲ್ಲಿ ಅದು ತೀರ ವಿರಳ. ನಿದಾನದ ಕಷ್ಟವೆಲ್ಲ ಇಲ್ಲಿದೆ.

ಸಂಜೆಯ ಜ್ವರ, ಮೈ ಸೊರಗುವಿಕೆ, ಹೊಟ್ಟೆನೋವು, ಭೇದಿ, ಹೊಟ್ಟೆಯಲ್ಲಿ ನೀರು ತುಂಬುವುದು ಇವು ಸೂಚನೆಗಳೇ ಹೊರತು ಪ್ರಮಾಣಗಳಲ್ಲ. ಶ್ವಾಸಕೋಶದ ಕ್ಷ-ಕಿರಣಚಿತ್ರ ನಿರ್ದೋಷವಾಗಿದ್ದರೂ ಉದರದಲ್ಲಿ ಕ್ಷಯವಿರಬಹುದು. ಜಠರದ ಕ್ಷಯವಂತೂ ಹುಣ್ಣಿನಂತೆ, ಕೆಲವೊಮ್ಮೆ ಅರ್ಬುದದಂತೆ ತೋರುತ್ತದೆ. ಆದುದರಿಂದ ಎಂಡೋಸ್ಕೋಪಿಯ ಮೂಲಕ ಅಂಗಾಂಶದ ತುಣುಕನ್ನು ತೆಗೆಯಬೇಕಾಗುತ್ತದೆ. ರೋಗ ಲೋಳೆಪೊರೆಯ ಕೆಳಗಿದ್ದರೆ ಮೇಲ್ಪದರದ ತುಣುಕು ಏನನ್ನೂ ಹೇಳದು. ಆಳದಿಂದ, ಹಲವೆಡೆಗಳಿಂದ ಆಯ್ದುಕೊಳ್ಳಬೇಕು. ಸೂಕ್ಷ್ಮದರ್ಶಕದಲ್ಲಿ ಗಿಣ್ಣಿನಂತೆ ಕೊಳೆತ ನಡುವುಳ್ಳ ಗಂಟುಗಳು ಕಂಡರೆ ಅದು ಬಲವಾದ ಆಧಾರ. ರೋಗಾಣುವನ್ನು ಬೆಳೆಸಿ ನೋಡುವುದಕ್ಕೆ ವಾರಗಳೇ ಬೇಕು. ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಸುಮಾರು 2 ಗಂಟೆಗಳಲ್ಲಿ ಉತ್ತರ ನೀಡುತ್ತದೆ. ಆದರೆ ರೋಗಾಣುಗಳು ವಿರಳವಾಗಿರುವುದರಿಂದ ಅದರ ‘ಇಲ್ಲ’ ಎಂಬ ಉತ್ತರವನ್ನು ಕೊನೆಯ ಮಾತೆಂದು ತಿಳಿಯಲಾಗದು. ಹೊಟ್ಟೆಯಲ್ಲಿ ನೀರಿದ್ದರೆ ಅದರಲ್ಲಿನ ಅಡಿನೊಸಿನ್ ಡಿಅಮಿನೇಸ್ ಎಂಬ ಕಿಣ್ವದ ಏರಿಕೆಯೂ ಪೂರಕ ಸಾಕ್ಷ್ಯವಾಗುತ್ತದೆ.

ಹೆಸರು ತಪ್ಪಿದರೆ ಆಗುವ ಹಾನಿ ಸಣ್ಣದಲ್ಲ. ಕರುಳಿನ ಕ್ಷಯವನ್ನು ಬಹುಮಟ್ಟಿಗೆ ಹೋಲುವ ಕ್ರೋನ್ಸ್ ರೋಗಕ್ಕೆ ದೇಹದ ಪ್ರತಿರೋಧವನ್ನು ತಗ್ಗಿಸುವ ಔಷಧಗಳನ್ನು ಕೊಡುತ್ತಾರೆ. ಕ್ಷಯರೋಗಿಗೆ ಅವು ಪ್ರಾಣಾಪಾಯವನ್ನೇ ತರಬಲ್ಲವು. ಸಂದೇಹ ಉಳಿದಾಗ ಕ್ಷಯದ ಚಿಕಿತ್ಸೆಯನ್ನಾರಂಭಿಸಿ, ಕೆಲವು ವಾರಗಳ ಬಳಿಕ ಮತ್ತೆ ಎಂಡೋಸ್ಕೋಪಿ ಮಾಡಿ ಹುಣ್ಣು ಮಾಗಿದೆಯೇ ಎಂದು ನೋಡುವ ಕ್ರಮವೂ ಭಾರತದಲ್ಲಿದೆ.

ಕಲ್ಕತ್ತೆಯ ತರುಣ ಕವಿ ಸುಕಾಂತ ಭಟ್ಟಾಚಾರ್ಯ 1947ರಲ್ಲಿ, ಇಪ್ಪತ್ತೊಂದು ತುಂಬುವ ಮೊದಲೇ, ಕ್ಷಯಕ್ಕೆ ಬಲಿಯಾದರು. ಅಂದು ರೋಗದ ಹೆಸರು ತಿಳಿದಿದ್ದರೂ ಮದ್ದು ಕೈಗೆಟುಕುತ್ತಿರಲಿಲ್ಲ. ಇಂದು ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಸಾಮಾನ್ಯವಾಗಿ 6 ತಿಂಗಳಲ್ಲಿ ಉದರಕ್ಷಯ ಗುಣವಾಗುತ್ತದೆ. ಹೆಸರು ಸಕಾಲದಲ್ಲಿ ತಿಳಿಯಬೇಕು, ಅಷ್ಟೆ.